ತೆರಿಗೆ ಕಡತಕ್ಕೆ ಒಳಗಿನವರಿಂದಲೇ ಕಾವಲು ಬೇಕೆ?

ನೆಂಟರಿಷ್ಟರಿಗೂ ತಿಳಿಯದ ಮನೆಯ ಗುಟ್ಟು ತೆರಿಗೆ ಇಲಾಖೆಗೆ ತಿಳಿದಿರುತ್ತದೆ. ಸಂಬಳ, ಸಾಲ, ಬ್ಯಾಂಕಿನ ಬಡ್ಡಿ, ಮನೆ ಬಾಡಿಗೆ, ಕೊಟ್ಟ ದೇಣಿಗೆ ಎಲ್ಲವನ್ನೂ ನಾಗರಿಕ ತಾನೇ ಬರೆದುಕೊಡಬೇಕು; ಮುಚ್ಚಿಟ್ಟರೆ ದಂಡ. ಹೀಗೆ ಕಾನೂನಿನ ಬಲದಿಂದ ಪಡೆದ ಮಾಹಿತಿಯ ಸುರಕ್ಷತೆಯ ಮಾತು ಬಂದಾಗ ಎಲ್ಲರಿಗೂ ನೆನಪಾಗುವುದು ಹ್ಯಾಕರ್‌ಗಳು. ಪಾಸ್‌ವರ್ಡ್ ಕದಿಯುವ ಅಗತ್ಯವೇ ಇಲ್ಲದವರು ಕಚೇರಿಯೊಳಗೇ ಕುಳಿತಿರುತ್ತಾರೆ ಎಂಬುದು ಮರೆತುಹೋಗುತ್ತದೆ.

ಅಮೆರಿಕದ ಆಂತರಿಕ ಕಂದಾಯ ಸೇವೆ, ಅಂದರೆ ಐಆರ್‌ಎಸ್, ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. ಅದರ ಬೋಸ್ಟನ್ ಕಚೇರಿಯಲ್ಲಿ ತೆರಿಗೆದಾರರ ಪ್ರಶ್ನೆಗಳಿಗೆ ಉತ್ತರಿಸುವ ನೌಕರನೊಬ್ಬನಿದ್ದ. 1992ರಲ್ಲಿ ಆತ ತನ್ನ ಕೆಲಸಕ್ಕೆ ಸಂಬಂಧವಿಲ್ಲದ ಹಲವರ ಕಡತಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದ. ತನ್ನ ತಂದೆಯ ವಿರುದ್ಧ ಮೊಕದ್ದಮೆ ನಡೆಸಿದ್ದ ಸರ್ಕಾರಿ ವಕೀಲರು, ನಗರಸಭೆ ಚುನಾವಣೆಯಲ್ಲಿ ತನ್ನನ್ನು ಸೋಲಿಸಿದವರ ಪ್ರಚಾರ ಸಮಿತಿ, ಒಂದೆರಡು ಬಾರಿ ಜೊತೆಗೆ ಸುತ್ತಾಡಿದ್ದ ಯುವತಿ. ಪಟ್ಟಿಯನ್ನು ಓದಿದರೆ ದ್ವೇಷ, ಕುತೂಹಲ ಎರಡೂ ಕಾಣುತ್ತವೆ.

ಕೆಳ ನ್ಯಾಯಾಲಯ ಆತನನ್ನು ವಂಚನೆಯ ಅಪರಾಧಿ ಎಂದಿತು. ಆದರೆ 1997ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಆತ ನೋಡಿದ್ದು ನಿಜ. ನೋಡಿದ್ದನ್ನು ಬಳಸಿದ್ದಕ್ಕಾಗಲಿ, ಇನ್ನೊಬ್ಬರಿಗೆ ಕೊಟ್ಟಿದ್ದಕ್ಕಾಗಲಿ ಪುರಾವೆ ಇರಲಿಲ್ಲ. ಬರಿಯ ಇಣುಕುನೋಟ ವಂಚನೆಯಾಗದು ಎಂಬುದು ನ್ಯಾಯಾಲಯದ ನಿಲುವು.

ತೆರಿಗೆ ಕಾಯ್ದೆ ಶಿಕ್ಷಿಸುತ್ತಿದ್ದುದು ಗುಟ್ಟನ್ನು ಹೊರಗೆಡಹಿದವರನ್ನು. ಕದ್ದು ನೋಡಿ ಸುಮ್ಮನಿದ್ದವರು ಅದರಿಂದ ನುಣುಚಿಕೊಳ್ಳಬಹುದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಜಾರಿಗೆ ಬಂದ ಕಾನೂನು ಈ ಬಿರುಕನ್ನು ಮುಚ್ಚಿತು. ಅಧಿಕಾರವಿಲ್ಲದೆ ನೋಡುವುದೇ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ, ಶಿಕ್ಷೆಯಾದರೆ ನೌಕರಿಯೂ ಇಲ್ಲ. ಆರೋಪ ದಾಖಲಾದಾಗ ಆ ತೆರಿಗೆದಾರನಿಗೆ ವಿಷಯ ತಿಳಿಸಲೇಬೇಕು. ನೌಕರರು ಬಂಧುಗಳ, ಸ್ನೇಹಿತರ ಕಡತವನ್ನಷ್ಟೇ ಅಲ್ಲ, ತಮ್ಮದೇ ಕಡತವನ್ನು ಕಚೇರಿಯ ಕಂಪ್ಯೂಟರಿನಲ್ಲಿ ತೆರೆಯುವುದನ್ನೂ ಐಆರ್‌ಎಸ್ ನಿಷೇಧಿಸಿದೆ.

ಕಾನೂನು ಬರೆಯುವುದು ಸುಲಭ, ಹಿಡಿಯುವುದು ಕಷ್ಟ. ಯಾರು, ಯಾವಾಗ, ಯಾವ ಕಡತ ತೆರೆದರು ಎಂಬುದನ್ನು ಯಂತ್ರ ದಾಖಲಿಸುತ್ತದೆ, ಸರಿ. ಆದರೆ ಸಹಾಯವಾಣಿಯ ಗುಮಾಸ್ತ ದಿನವಿಡೀ ಹತ್ತಾರು ಕಡತ ತೆರೆಯುತ್ತಾನೆ. ಅವುಗಳ ನಡುವೆ ನೆರೆಮನೆಯವನ ಒಂದು ಕಡತ ಸೇರಿಕೊಂಡರೆ ದಾಖಲೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ತೆರೆದ ಕಡತವನ್ನು ಅಂದು ಆತನಿಗೆ ಒಪ್ಪಿಸಿದ ಕೆಲಸದೊಂದಿಗೆ ತಾಳೆ ನೋಡಿದಾಗ ಮಾತ್ರ ವ್ಯತ್ಯಾಸ ಹೊರಬೀಳುತ್ತದೆ. ಯಾರೂ ಓದದ ದಾಖಲೆ ಇದ್ದೂ ಇಲ್ಲದಂತೆ.

ಇಷ್ಟಾದರೂ ಬೇಲಿಯೇ ಹೊಲ ಮೇಯ್ದ ಪ್ರಸಂಗ ಮತ್ತೆ ನಡೆಯಿತು. ಐಆರ್‌ಎಸ್‌ನ ಗುತ್ತಿಗೆ ಕೆಲಸದಲ್ಲಿದ್ದ ಚಾರ್ಲ್ಸ್ ಲಿಟಲ್‌ಜಾನ್, ಡೊನಾಲ್ಡ್ ಟ್ರಂಪ್ ಮತ್ತು ಸಾವಿರಾರು ಸಿರಿವಂತರ ತೆರಿಗೆ ವಿವರಗಳನ್ನು ಸುದ್ದಿಸಂಸ್ಥೆಗಳಿಗೆ ಕೊಟ್ಟ. ಅನುಮಾನ ಬಾರದಿರಲೆಂದು ಒಬ್ಬರ ಹೆಸರು ಹಿಡಿಯದೆ ವಿಶಾಲವಾದ ಹುಡುಕಾಟ ನಡೆಸಿದ್ದ. 2024ರ ಜನವರಿಯಲ್ಲಿ ಆತನಿಗೆ ಐದು ವರ್ಷ ಸೆರೆವಾಸ ವಿಧಿಸಲಾಯಿತು.

ಭಾರತದ ಓದುಗರಿಗೂ ಇದು ದೂರದ ಕಥೆಯಲ್ಲ. ದೇಶದ ಆದಾಯ ತೆರಿಗೆ ವಿವರಣೆಗಳು ಪರಿಷ್ಕರಣೆಗೆ ಬರುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ. 1961ರ ಆದಾಯ ತೆರಿಗೆ ಕಾಯ್ದೆಯ 280ನೇ ಕಲಮು ರೂಪುಗೊಂಡದ್ದು ನಿಯಮ ಮೀರಿ ಮಾಹಿತಿ ಕೊಟ್ಟ ಸರ್ಕಾರಿ ನೌಕರನನ್ನು ಆರು ತಿಂಗಳವರೆಗೆ ಸೆರೆಗೆ ಕಳಿಸಲು. ಬರಿದೇ ನೋಡಿದವನ ಮಾತು ಅದರಲ್ಲಿ ಇರಲಿಲ್ಲ. 2019ರಲ್ಲಿ ಪ್ರಕಟವಾದ ಮುಖರಹಿತ ತೆರಿಗೆ ನಿರ್ಧರಣೆಯಲ್ಲಿ ಕಡತ ಯಾವ ಊರಿನ ಅಧಿಕಾರಿಗೆ ಹೋಗಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಲಂಚದ ನಂಟು ಕಡಿಯುವುದು ಅದರ ಗುರಿಯಾದರೂ, ಪರಿಚಯಸ್ಥರ ಕಡತ ಪರಿಚಯಸ್ಥರ ಕೈಗೆ ಬೀಳುವ ಸಂಭವವೂ ಅದರಿಂದ ತಗ್ಗುತ್ತದೆ.

ತನ್ನ ಆಧಾರ್ ಸಂಖ್ಯೆಯ ದೃಢೀಕರಣ ಯಾವಾಗ ನಡೆಯಿತೆಂಬುದನ್ನು ಇಂದು ನಾಗರಿಕ ಪ್ರಾಧಿಕಾರದ ತಾಣದಲ್ಲಿ ನೋಡಬಹುದು. ತನ್ನ ತೆರಿಗೆ ಕಡತವನ್ನು ಯಾವ ಸಿಬ್ಬಂದಿ, ಯಾವ ದಿನ ತೆರೆದರು ಎಂಬ ಪಟ್ಟಿ ಮಾತ್ರ ಆತನಿಗೆ ತೆರಿಗೆ ಇಲಾಖೆಯ ತಾಣದಲ್ಲಿ ಸಿಗುವುದಿಲ್ಲ.