ರಿಮೋಟಿನ ಸೆಲ್ಲು ತಿನ್ನುವವರು ಯಾರು?

ಮೈಕಿನ ಮುಂದೆ ಕೂತು ಮಾತಾಡುವವಳು ಈ ಸಲ ಕಾಗದದ ಮೇಲೆ ನಿಮ್ಮ ಜೊತೆ ಒಂದು ಸಣ್ಣ ವಿಷಯ ಹಂಚಿಕೊಳ್ಳುತ್ತಿದ್ದೇನೆ. ಸಣ್ಣದು ಅಂದೆ, ಆದರೆ ಅದು ಒಬ್ಬ ಅಜ್ಜಿಯ ಸಂಜೆಗಳನ್ನೇ ಕಸಿದುಕೊಂಡಿತ್ತು.

ಪಶ್ಚಿಮ ಮಾಂಬಲದ ನಮ್ಮ ಕಟ್ಟಡದಲ್ಲಿ, ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಅಜ್ಜಿಯೊಬ್ಬರಿದ್ದಾರೆ. ಹೋಟೆಲು ಕೆಲಸಕ್ಕೆಂದು ಹೊರಟ ಯಜಮಾನರ ಜೊತೆ ಮದರಾಸಿಗೆ ಬಂದವರು ಇಲ್ಲೇ ನಿಂತರು. ಈಗ ಒಬ್ಬರೇ. ದೂರದ ಊರಿನಲ್ಲಿರುವ ಮಗ ರಜೆಗೆ ಬಂದಾಗ ಟಿವಿಯ ಹಿಂದೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ ಹೋದ. ಅಂದಿನಿಂದ ಯಕ್ಷಗಾನ, ದಾಸರ ಪದ, ಕನ್ನಡ ವಾರ್ತೆ ಎಲ್ಲವೂ ಅಜ್ಜಿಯ ಕೈಗೆ ಬಂತು. ಆದರೆ ಹೊಸ ಸೆಲ್ ಹಾಕಿದ ಎರಡೇ ವಾರಕ್ಕೆ ರಿಮೋಟ್ ಸತ್ತು ಹೋಗುತ್ತಿತ್ತು. ಒಂದು ಸಂಜೆ ಹೋದಾಗ ಟಿವಿ ಆರಿತ್ತು. ಯಾಕಜ್ಜಿ ಅಂದರೆ, “ನಾನು ಒತ್ತಿದ್ದು ಜಾಸ್ತಿ ಆಯ್ತು ಅಂತ ಕಾಣ್ತದೆ ಮಾರಾಯ್ತಿ. ಪದೇಪದೇ ಸೆಲ್ಲಿಗೆ ದುಡ್ಡು ಹಾಕುದು ಯಾಕೆ? ಈಗ ವಾರಕ್ಕೊಂದೇ ಸಲ ನೋಡುದು” ಅಂದರು.

ತಪ್ಪು ತಮ್ಮದೇ ಅಂದುಕೊಂಡು ಆಸೆಯನ್ನೇ ಬಿಟ್ಟಿದ್ದರು. ಅಂಥವರು ನಿಮ್ಮ ಮನೆಯಲ್ಲೂ ಇರಬಹುದು. ಅದಕ್ಕೇ ಈ ಬರಹ.

ಮೊದಲು ಒಂದು ಹಳೆಯ ಕತೆ. 1956ರಲ್ಲಿ ಅಮೆರಿಕದ ಜೆನಿತ್ ಕಂಪನಿಗೆ ರಾಬರ್ಟ್ ಆಡ್ಲರ್ ರೂಪಿಸಿಕೊಟ್ಟ ಟಿವಿ ರಿಮೋಟಿಗೆ ಸೆಲ್ಲೇ ಇರಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಕಡ್ಡಿಗೆ ಹೊಡೆಯುತ್ತಿತ್ತು. ನಮ್ಮ ಕಿವಿಗೆ ಕೇಳದ ಆ ನಾದವನ್ನು ಟಿವಿ ಕೇಳಿಸಿಕೊಳ್ಳುತ್ತಿತ್ತು. ಸೆಲ್ ಯಾಕೆ ಬೇಡವೆಂದರು ಗೊತ್ತೇ? ಸೆಲ್ ಮುಗಿದರೆ ಗಿರಾಕಿಗಳು ಟಿವಿಯೇ ಕೆಟ್ಟಿತು ಅಂದುಕೊಂಡಾರು ಎಂಬ ಚಿಂತೆ ಕಂಪನಿಯ ಮಾರಾಟಗಾರರಿಗಿತ್ತು!

ಆಮೇಲೆ ಬಂದದ್ದು ಇನ್‌ಫ್ರಾರೆಡ್ ರಿಮೋಟ್. ಇದು ಕಣ್ಣಿಗೆ ಕಾಣದ ಬೆಳಕನ್ನು ಮಿನುಗಿಸಿ ಟಿವಿಗೆ ಹೇಳುತ್ತದೆ. ಒತ್ತಿದಾಗ ಕೆಲಸ, ಉಳಿದಂತೆ ನಿದ್ದೆ. ಅದಕ್ಕೇ ಹಳೆಯ ಟಿವಿಯ ರಿಮೋಟಿಗೆ ಹಾಕಿದ ಸೆಲ್ ವರ್ಷಗಟ್ಟಲೆ ಬರುತ್ತಿತ್ತು. ಸ್ಟ್ರೀಮಿಂಗ್ ರಿಮೋಟ್ ಹಾಗಲ್ಲ. ಅದು ಬ್ಲೂಟೂತ್ ಅಥವಾ ವೈಫೈ ಮೂಲಕ ಡಬ್ಬಿಯ ಜೊತೆ ನಂಟು ಇಟ್ಟುಕೊಂಡಿರುತ್ತದೆ. ಮಾತು ಕೇಳುವ ಮೈಕೂ ಇರುತ್ತದೆ. ಟಿವಿಯ ಪವರ್, ವಾಲ್ಯೂಮ್ ಗುಂಡಿಗಳಿಗೆ ಮಾತ್ರ ಸಾಮಾನ್ಯವಾಗಿ ಹಳೆಯ ಇನ್‌ಫ್ರಾರೆಡ್ಡೇ ಗತಿ. ಹಾಗಾಗಿ ಇದರ ಸೆಲ್ ಸ್ವಲ್ಪ ಬೇಗ ಮುಗಿಯುವುದು ಸಹಜ. ಕೆಲವು ತಿಂಗಳು ಬಂದರೆ ಸರಿಯಾಗಿದೆ ಎನ್ನಿ. ಎರಡು ವಾರಕ್ಕೇ ಮುಗಿದರೆ ಏನೋ ತಪ್ಪಿದೆ.

ಒಂದು ಲೆಕ್ಕ ನೋಡಿ. ಒಳ್ಳೆಯ ಎಎಎ ಆಲ್ಕಲೈನ್ ಸೆಲ್ಲಿನಲ್ಲಿ ಸುಮಾರು 1000 ಮಿಲಿಆಂಪ್ ಗಂಟೆಯಷ್ಟು ಶಕ್ತಿ ಇರುತ್ತದೆ. ಸುಮ್ಮನಿರುವಾಗಲೂ ರಿಮೋಟ್ ಬರೀ 1 ಮಿಲಿಆಂಪ್ ಎಳೆಯುತ್ತಿದ್ದರೆ 1000 ಗಂಟೆಗೆ, ಅಂದರೆ 42 ದಿನಕ್ಕೆ ಸೆಲ್ ಖಾಲಿ. ಒಂದು ಹನಿ ಸೋರುವ ನಲ್ಲಿ ಕೊಡವನ್ನೇ ತುಂಬಿಸುವುದಿಲ್ಲವೇ? ಹಾಗೆಯೇ ಇದು.

ಹಾಗಾದರೆ ಸೋರಿಕೆ ಎಲ್ಲಿ? ಒಂದೊಂದಾಗಿ ನೋಡೋಣ.

ಮೊದಲು ಸೆಲ್ಲನ್ನೇ ನೋಡಿ. ಅದರ ಮೈಮೇಲೆ ‘ಆರ್03’ ಎಂದಿದ್ದರೆ ಅದು ಅಗ್ಗದ ಜಿಂಕ್ ಕಾರ್ಬನ್, ‘ಎಲ್‌ಆರ್03’ ಎಂದಿದ್ದರೆ ಆಲ್ಕಲೈನ್. ಗೋಡೆ ಗಡಿಯಾರಕ್ಕೆ ಜಿಂಕ್ ಕಾರ್ಬನ್ ಸಾಕು, ಈ ರಿಮೋಟಿಗೆ ಸಾಲದು. ಚಾರ್ಜ್ ಮಾಡುವ ಸೆಲ್ಲುಗಳಲ್ಲಿ 1.5 ಬದಲು 1.2 ವೋಲ್ಟ್ ಇರುವುದರಿಂದ ಕೆಲವು ರಿಮೋಟುಗಳು ಅವು ತುಂಬಿರುವಾಗಲೂ ‘ಬ್ಯಾಟರಿ ಕಡಿಮೆ’ ಎಂದು ತೋರಿಸುತ್ತವೆ. ಹಳೆಯದೊಂದು, ಹೊಸದೊಂದು ಸೇರಿಸಿ ಹಾಕಲೇಬೇಡಿ. ಬಡಕಲು ಸೆಲ್ ಬೇಗ ಸೋತು ಸೋರುತ್ತದೆ.

ಎರಡನೆಯದು ನಮ್ಮ ಚೆನ್ನೈನ ಉಪ್ಪುಗಾಳಿ. ಸೆಲ್ ಕೂರುವ ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಕರೆಂಟಿಗೆ ಅಲ್ಲೇ ತಡೆ. ಸೆಲ್ಲಿನಲ್ಲಿ ಜೀವ ಇದ್ದರೂ ರಿಮೋಟಿಗೆ ತಲುಪುವುದಿಲ್ಲ. ‘ಮುಗಿದ’ ಸೆಲ್ಲನ್ನು ಸೆಟ್ ಟಾಪ್ ಬಾಕ್ಸಿನ ರಿಮೋಟಿಗೆ ಹಾಕಿ ನೋಡಿ. ಅಲ್ಲಿ ಚೆನ್ನಾಗಿ ನಡೆದರೆ ಅದು ಪೂರ್ತಿ ಖಾಲಿಯಾಗಿಲ್ಲ. ಆಲ್ಕಲೈನ್ ಸೋರಿದ್ದರೆ ಹತ್ತಿಕಡ್ಡಿಗೆ ಒಂದಿಷ್ಟು ವಿನೆಗರ್ ಅಥವಾ ನಿಂಬೆರಸ ತಾಗಿಸಿ ಒರೆಸಿ, ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಮೂರನೆಯದು ದುರ್ಬಲ ಸಿಗ್ನಲ್. ಟಿವಿಯ ಬೆನ್ನಿಗೆ ಅಂಟಿಕೊಂಡ ಸ್ಟಿಕ್ಕಿಗೂ ರಿಮೋಟಿಗೂ ನಡುವೆ ಟಿವಿಯೇ ಗೋಡೆ. ಮಾತು ತಲುಪದಿದ್ದರೆ ರಿಮೋಟ್ ಮತ್ತೆಮತ್ತೆ ಹೇಳಬೇಕಾಗುತ್ತದೆ. ಪುಟ್ಟ ಎಚ್‌ಡಿಎಂಐ ಎಕ್ಸ್‌ಟೆನ್ಷನ್ ಹಾಕಿ ಸ್ಟಿಕ್ಕನ್ನು ಸ್ವಲ್ಪ ಹೊರಗೆ ತನ್ನಿ. ಡಬ್ಬಿಯ ಸೆಟ್ಟಿಂಗಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಅದನ್ನೂ ಮಾಡಿಸಿ. ಎಷ್ಟೋ ಸಲ ರಿಮೋಟಿನ ಸಾಫ್ಟ್‌ವೇರೂ ಅದರ ಜೊತೆಗೇ ಬರುತ್ತದೆ. ಗುಂಡಿ ಒತ್ತದೆಯೇ ಮಾತು ಕೇಳಿಸಿಕೊಳ್ಳುವ ಸೌಲಭ್ಯ ನಿಮ್ಮ ರಿಮೋಟಿನಲ್ಲಿದ್ದರೆ, ಬೇಡವಾದಾಗ ಆರಿಸಿಡಿ.

ನಾಲ್ಕನೆಯದು ಸಿಕ್ಕಿಕೊಂಡ ಗುಂಡಿ. ಕಾಫಿ ಚೆಲ್ಲಿದ್ದರೆ, ದಿಂಬಿನಡಿ ಸೇರಿದ್ದರೆ ಗುಂಡಿ ಒತ್ತಿದಂತೆಯೇ ಉಳಿಯಬಹುದು. ಪವರ್, ವಾಲ್ಯೂಮ್ ಗುಂಡಿಗಳನ್ನು ಪರೀಕ್ಷಿಸುವುದು ಸುಲಭ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ತೋರಿಸಿ. ಗುಂಡಿ ಒತ್ತಿದಾಗ ನೇರಳೆ ಬಣ್ಣದ ಬೆಳಕು ಮಿನುಗುವುದು ಹೆಚ್ಚಿನ ಫೋನುಗಳಲ್ಲಿ ಕಾಣುತ್ತದೆ. ಯಾರೂ ಒತ್ತದೆಯೇ ಮಿನುಗಿದರೆ ಕಳ್ಳ ಸಿಕ್ಕಿದ ಹಾಗೆ.

ಇಷ್ಟಾದರೂ ಗೊತ್ತಾಗದಿದ್ದರೆ ಹೀಗೆ ಮಾಡಿ. ಹೊಸ ಸೆಲ್ಲಿನ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ರಾತ್ರಿ ಮಲಗುವಾಗ ಒಂದು ಸೆಲ್ ತೆಗೆದಿಟ್ಟು, ಬೆಳಿಗ್ಗೆ ಹಾಕಿ. ಸೆಲ್ ಮೊದಲಿಗಿಂತ ತುಂಬ ದಿನ ಬಂದರೆ, ಸುಮ್ಮನಿರುವಾಗಲೇ ರಿಮೋಟ್ ಅದನ್ನು ತಿನ್ನುತ್ತಿದೆ ಎಂದರ್ಥ. ಏನೂ ವ್ಯತ್ಯಾಸ ಕಾಣದಿದ್ದರೆ ಸೆಲ್, ಸ್ಪ್ರಿಂಗು, ಸಿಗ್ನಲ್ ಇವನ್ನೇ ಇನ್ನೊಮ್ಮೆ ನೋಡಿ. ಹೊಸ ರಿಮೋಟಿಗೆಂದು ರಿಚ್ಚಿ ಸ್ಟ್ರೀಟಿಗೆ ಓಡುವ ಮುನ್ನ ಇಷ್ಟು ಮಾಡಿದರೆ ದುಡ್ಡು ಉಳಿದೀತು.

ಇನ್ನು ಅಜ್ಜಿಯ ಮನೆಗೆ ಬರೋಣ. ಸೆಲ್ ಅಗ್ಗದ್ದೇ, ಆದರೆ ಹೊಸದು. ಸ್ಪ್ರಿಂಗು ಲಕಲಕ. “ರಿಮೋಟ್ ಎಲ್ಲಿಡ್ತೀರಿ ಅಜ್ಜಿ?” ಅಂದೆ. ಟಿವಿ ಆರಿಸಿದ ಮೇಲೆ ಧೂಳು, ಇರುವೆ ತಾಗದಿರಲಿ ಎಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಎರಡು ಸುತ್ತು ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ! ಹಾಗೆಯೇ ಕಟ್ಟಿಸಿ ಮೊಬೈಲ್ ಹಿಡಿದೆ. ಚೀಲದೊಳಗೆ ನೇರಳೆ ಬೆಳಕು ಮಿಣಮಿಣ. ರಬ್ಬರ್ ಬ್ಯಾಂಡ್ ಸರಿಯಾಗಿ ವಾಲ್ಯೂಮ್ ಗುಂಡಿಯ ಮೇಲೆ ಕೂತಿತ್ತು. ಟಿವಿ ಆರಿರುವುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜೋಪಾನ ಮಾಡಿದ್ದೇ ಸೆಲ್ಲಿಗೆ ಮುಳುವಾಗಿತ್ತು.

ರಬ್ಬರ್ ಬ್ಯಾಂಡ್ ಅಡುಗೆಮನೆಗೆ ಹೋಯಿತು, ರಿಮೋಟಿಗೊಂದು ಸ್ಟೀಲ್ ಲೋಟ ಬಂತು. ಹೊಸ ಆಲ್ಕಲೈನ್ ಸೆಲ್ ಹಾಕಿ ಮೂರು ತಿಂಗಳು ದಾಟಿದೆ. ಜೊತೆಗೆ ಟಿವಿಯ ಸೆಟ್ಟಿಂಗಿನಲ್ಲಿ ‘ಎಚ್‌ಡಿಎಂಐ ಸಿಇಸಿ’ ಎಂಬುದನ್ನೂ ಚಾಲೂ ಮಾಡಿಕೊಟ್ಟೆ. ಇದಿದ್ದರೆ ಎಷ್ಟೋ ಟಿವಿಗಳಲ್ಲಿ ಟಿವಿಯ ರಿಮೋಟಿನಿಂದಲೇ ಸ್ಟಿಕ್ಕನ್ನೂ ನಡೆಸಬಹುದು, ಒಂದು ಸುಮ್ಮನಾದರೆ ಇನ್ನೊಂದು ಕೈ ಹಿಡಿಯುತ್ತದೆ.

ಒಂದು ಎಚ್ಚರಿಕೆ. ಹಿಂದೆ ನಮ್ಮಪ್ಪ ಟ್ರಾನ್ಸಿಸ್ಟರಿನ ಸೆಲ್ಲುಗಳನ್ನು ಅಂಗಳದ ಬಿಸಿಲಿಗೆ ಇಟ್ಟು ಇನ್ನೊಂದು ದಿನದ ವಾರ್ತೆ ಕೇಳುತ್ತಿದ್ದರು. ಆಲ್ಕಲೈನ್ ಸೆಲ್ಲಿಗೆ ಆ ಪ್ರಯೋಗ ಬೇಡ, ಸೋರುತ್ತದೆ. ಕೆಲವು ರಿಮೋಟುಗಳಲ್ಲಿ ಬಿಲ್ಲೆಯಂಥ ಸೆಲ್ ಇರುತ್ತದೆ. ಅದನ್ನು ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನಿಮ್ಮ ಮನೆಯ ಹಿರಿಯರ ಟಿವಿ ಕೆಲವು ದಿನಗಳಿಂದ ಸುಮ್ಮನಿದ್ದರೆ “ಯಾಕೆ ನೋಡ್ತಿಲ್ಲ?” ಎಂದು ಒಮ್ಮೆ ಕೇಳಿ. ಮೊನ್ನೆ ಸಂಜೆ ಮೆಟ್ಟಿಲು ಇಳಿಯುವಾಗ ಕೆಳಗಿನ ಮನೆಯಿಂದ ಚೆಂಡೆ ಕೇಳುತ್ತಿತ್ತು. ಸದ್ದು ಸ್ವಲ್ಪ ಜೋರೇ ಇತ್ತು. ಕಡಿಮೆ ಮಾಡಿ ಅನ್ನಲು ನನಗೆ ಮನಸ್ಸು ಬರಲಿಲ್ಲ.

ಮತ್ತೆ ಬಾನುಲಿಯಲ್ಲಿ ಸಿಗೋಣ. ನಮಸ್ಕಾರ.