ಒಂದು ತೊಟ್ಟು ರಕ್ತ ಕ್ಯಾನ್ಸರನ್ನು ಹೇಳಬಲ್ಲುದೇ?

ಈ ಸಲದ ಕಾಫಿ ಕೊಯ್ಲು ಮುಗಿಯುತ್ತಿದ್ದ ದಿನಗಳಲ್ಲಿ ಶನಿವಾರಸಂತೆಯ ಕಡೆಯ ಭಕ್ತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದು, ಐದಾರು ಪುಟಗಳ ರಕ್ತಪರೀಕ್ಷೆಯ ವರದಿಯೊಂದನ್ನು ಮೇಜಿನ ಮೇಲಿಟ್ಟರು. ಬೆಂಗಳೂರಿನಲ್ಲಿರುವ ಮಗಳು ತಂದೆಯ ಮೇಲಿನ ಅಕ್ಕರೆಯಿಂದ ಹಣ ತೆತ್ತು ಮಾಡಿಸಿದ 'ಇಡೀ ದೇಹದ ತಪಾಸಣೆ' ಅದು. "ಡಾಕ್ಟ್ರೇ, ಕ್ಯಾನ್ಸರ್ ಇಲ್ಲ ಅಂತ ಬಂದಿದೆ. ನೀವೂ ಒಂದು ಸಲ ನೋಡಿಬಿಡಿ" ಎಂದರು. ಪಿ.ಎಸ್.ಎ., ಸಿ.ಇ.ಎ., ಎ.ಎಫ್.ಪಿ. ಮೊದಲಾದವುಗಳ ಅಂಕಿಗಳೆಲ್ಲ ಮಿತಿಯೊಳಗೇ ಇದ್ದವು. ಆದರೆ ಅವರು ಮಾತನಾಡುವಾಗ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಟಾರ್ಚ್ ಹಿಡಿದು ನೋಡಿದೆವು. ಎಡಗೆನ್ನೆಯ ಒಳಭಾಗದಲ್ಲಿ ಅಂಚು ಗಟ್ಟಿಯಾದ ಒಂದು ಹುಣ್ಣು. ಎಷ್ಟು ದಿನಗಳಿಂದ ಎಂದು ಕೇಳಿದರೆ, "ಗೌರಿಹಬ್ಬದ ಹೊತ್ತಿಗೇ ಇತ್ತು. ಖಾರ ತಿಂದರೆ ಉರಿಯುತ್ತೆ, ಅಷ್ಟೇ" ಎಂದರು. ಆ ವರದಿಯಲ್ಲಿದ್ದ ಯಾವ ಪರೀಕ್ಷೆಯೂ ಬಾಯಿಯ ಕ್ಯಾನ್ಸರನ್ನು ಹುಡುಕುವಂಥದ್ದಾಗಿರಲಿಲ್ಲ.

ರಕ್ತಪರೀಕ್ಷೆಯಿಂದಲೇ ಕ್ಯಾನ್ಸರನ್ನು ಮೊದಲೇ ಕಂಡುಹಿಡಿಯುವ ಮಾತು ಈಗ ಪತ್ರಿಕೆಗಳಲ್ಲಿ, ಮೊಬೈಲಿನ ಜಾಹೀರಾತುಗಳಲ್ಲಿ ಹೇರಳವಾಗಿ ಬರುತ್ತಿದೆ. ಅದರಲ್ಲಿಯೂ 'ಮೆಟಬೊಲೈಟ್' ಎಂಬ ಶಬ್ದವನ್ನು ಹಿಡಿದುಕೊಂಡು ಅನೇಕ ಭಕ್ತರು ನಮ್ಮನ್ನು ಪ್ರಶ್ನಿಸಿದ್ದಾರೆ. ಇದು ಸುಳ್ಳಲ್ಲ, ಗಂಭೀರವಾದ ವಿಜ್ಞಾನವೇ ಹೌದು. ಆದರೆ ಅದು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ತಿಳಿಯದೆ ನಂಬಿದರೆ ಅಪಾಯವಿದೆ.

ಉಂಡ ಆಹಾರ ದೇಹದಲ್ಲಿ ಪಾಕಗೊಳ್ಳುತ್ತ, ಧಾತುಗಳಾಗಿ ಕಟ್ಟಿಕೊಳ್ಳುತ್ತ, ಒಡೆಯುತ್ತ ಸಾಗುವ ಕ್ರಿಯೆಗೆ ಚಯಾಪಚಯವೆಂದು ಹೆಸರು. ನಮ್ಮ ಶಾಸ್ತ್ರದ ಧಾತ್ವಗ್ನಿಯ ಕಲ್ಪನೆ ಇದಕ್ಕೆ ಹತ್ತಿರವಾದುದು. ಈ ಕ್ರಿಯೆಯಲ್ಲಿ ಹುಟ್ಟುವ ಸಕ್ಕರೆ, ಅಮೈನೋ ಆಮ್ಲ, ಕೊಬ್ಬಿನ ಅಂಶ, ಲ್ಯಾಕ್ಟಿಕ್ ಆಮ್ಲ ಮುಂತಾದ ಸಣ್ಣ ಅಣುಗಳೇ ಮೆಟಬೊಲೈಟುಗಳು. ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ. ಪಲ್ಪರ್ ಓಡುವ ತಿಂಗಳುಗಳಲ್ಲಿ ತೊರೆಯ ನೀರಿನ ಬಣ್ಣವೂ ವಾಸನೆಯೂ ಬದಲಾಗುತ್ತದೆ. ಮೇಲಿನ ತೋಟವನ್ನು ಕಣ್ಣಾರೆ ಕಾಣದವನೂ ಕೆಳಗೆ ನಿಂತು, ಮೇಲೆಲ್ಲೋ ಹಣ್ಣು ಪಲ್ಪಿಂಗ್ ಆಗುತ್ತಿದೆ ಎಂದು ಹೇಳಬಲ್ಲ. ರಕ್ತವೂ ಅಂತಹ ತೊರೆಯೇ. ಯಾವುದೋ ಅಂಗದ ಮೂಲೆಯಲ್ಲಿ ಕೆಲವು ಜೀವಕೋಶಗಳು ಹದ ತಪ್ಪಿ ಬೆಳೆಯತೊಡಗಿದರೆ, ಅವುಗಳ ಚಯಾಪಚಯದ ಕುರುಹು ರಕ್ತಕ್ಕೆ ಇಳಿಯಬೇಕಲ್ಲವೇ ಎಂಬುದು ವಿಜ್ಞಾನಿಗಳ ತರ್ಕ.

ತರ್ಕಕ್ಕೆ ಆಧಾರವೂ ಇದೆ. ಜರ್ಮನಿಯ ಓಟೋ ವಾರ್ಬರ್ಗ್ ಎಂಬ ವಿಜ್ಞಾನಿ 1920ರ ದಶಕದಲ್ಲಿಯೇ, ಕ್ಯಾನ್ಸರ್ ಜೀವಕೋಶಗಳು ಸಕ್ಕರೆಯನ್ನು ಅತಿಯಾಗಿ ಸೆಳೆದುಕೊಂಡು, ಆಮ್ಲಜನಕವಿದ್ದರೂ ಅದನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವನ್ನಾಗಿ ಹೊರಹಾಕುವುದನ್ನು ಕಂಡಿದ್ದರು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ಪೆಟ್ ಸ್ಕ್ಯಾನ್ ಕೂಡ, ವಿಕಿರಣದ ಗುರುತು ಹಚ್ಚಿದ ಸಕ್ಕರೆಯಂಥ ವಸ್ತುವನ್ನು ಯಾವ ಭಾಗ ಹೆಚ್ಚಾಗಿ ಹೀರಿಕೊಂಡಿತೆಂಬುದನ್ನೇ ತೋರಿಸುತ್ತದೆ. ಅಡ್ರಿನಲ್ ಗ್ರಂಥಿಯ ಒಂದು ವಿರಳ ಗೆಡ್ಡೆಯನ್ನು ಪತ್ತೆಮಾಡಲು ರಕ್ತದಲ್ಲಿನ ಮೆಟಾನೆಫ್ರಿನ್ ಎಂಬ ಮೆಟಬೊಲೈಟನ್ನು ವೈದ್ಯರು ಈಗಾಗಲೇ ಅಳೆಯುತ್ತಾರೆ. 2014ರಲ್ಲಿ ಅಮೆರಿಕದ ಸಂಶೋಧಕರು, ಮುಂದೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಒಳಗಾದವರಿಂದ ಹಿಂದೆಯೇ ತೆಗೆದಿಟ್ಟಿದ್ದ ರಕ್ತವನ್ನು ಪರೀಕ್ಷಿಸಿದಾಗ, ರೋಗ ಗೊತ್ತಾಗುವುದಕ್ಕೆ ಎರಡರಿಂದ ಐದು ವರ್ಷ ಮೊದಲೇ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳು ಏರಿದ್ದುದು ಕಂಡುಬಂದಿತು. ಗೆಡ್ಡೆ ಇನ್ನೂ ಕಾಣದಿರುವಾಗಲೇ ಮಾಂಸಧಾತು ಒಳಗೊಳಗೇ ಕರಗತೊಡಗಿತ್ತು. ಇದನ್ನು ಓದಿದಾಗ ನಮಗೆ ನಿಜಕ್ಕೂ ರೋಮಾಂಚನವಾಯಿತು.

ಆದರೆ ತೊರೆಗೆ ನೀರು ಬಿಡುವ ತೋಟ ಒಂದೇ ಅಲ್ಲ. ಅದೇ ಮೂರು ಅಮೈನೋ ಆಮ್ಲಗಳು ಬೊಜ್ಜಿನಲ್ಲಿಯೂ ಸಕ್ಕರೆ ಕಾಯಿಲೆಯಲ್ಲಿಯೂ ಏರುತ್ತವೆ. ಹಿಂದಿನ ರಾತ್ರಿಯ ಊಟ, ಸೇವಿಸುತ್ತಿರುವ ಔಷಧಿ, ಮೂತ್ರಪಿಂಡದ ಬಲ, ರಕ್ತ ತೆಗೆದ ಮೇಲೆ ಅದನ್ನು ಎಷ್ಟು ಹೊತ್ತು ಹೊರಗಿಟ್ಟರು ಎಂಬುದು, ಇವೆಲ್ಲವೂ ಅಂಕಿಯನ್ನು ಬದಲಿಸುತ್ತವೆ. 2009ರಲ್ಲಿ ಸಾರ್ಕೊಸಿನ್ ಎಂಬ ಮೆಟಬೊಲೈಟು ಪ್ರಾಸ್ಟೇಟ್ ಕ್ಯಾನ್ಸರಿನ ಗುರುತೆಂದು ದೊಡ್ಡ ಸುದ್ದಿಯಾಯಿತು. ಬೇರೆಯವರು ಪರೀಕ್ಷಿಸಿ ನೋಡಿದಾಗ ಆ ಫಲಿತಾಂಶ ಸ್ಥಿರವಾಗಿ ನಿಲ್ಲಲಿಲ್ಲ. ಜಪಾನಿನ ಅನುಭವವಂತೂ ಮನ ಕಲಕುವಂಥದ್ದು. 1980ರ ದಶಕದ ಮಧ್ಯಭಾಗದಿಂದ ಅಲ್ಲಿ ಆರು ತಿಂಗಳ ಹಸುಗೂಸುಗಳ ಮೂತ್ರದಲ್ಲಿ ಮೆಟಬೊಲೈಟುಗಳನ್ನು ಅಳೆದು, ನ್ಯೂರೊಬ್ಲಾಸ್ಟೋಮ ಎಂಬ ಕ್ಯಾನ್ಸರನ್ನು ದೇಶವಿಡೀ ಹುಡುಕಿದರು. ಗೆಡ್ಡೆಗಳು ಸಿಕ್ಕವು. ಆದರೆ ಅವುಗಳಲ್ಲಿ ಎಷ್ಟೋ ತಾವಾಗಿಯೇ ಕರಗಿಹೋಗಬಹುದಾಗಿದ್ದವು. ಆ ಕೂಸುಗಳು ಸುಮ್ಮನೆ ಶಸ್ತ್ರಚಿಕಿತ್ಸೆಯನ್ನೂ ಉಗ್ರ ಔಷಧಿಗಳನ್ನೂ ತಾಳಿಕೊಳ್ಳಬೇಕಾಯಿತು. 2004ರಲ್ಲಿ ಆ ತಪಾಸಣೆಯನ್ನು ನಿಲ್ಲಿಸಲಾಯಿತು.

'ನೂರಕ್ಕೆ ತೊಂಬತ್ತೆಂಟು ನಿಖರ' ಎಂಬ ಮಾತನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಜಾತ್ರೆಗೆ 10,000 ಭಕ್ತರು ಸೇರಿದ್ದಾರೆ, ಅವರಲ್ಲಿ 50 ಮಂದಿಗೆ ಗೊತ್ತಿಲ್ಲದೆಯೇ ಕ್ಯಾನ್ಸರ್ ಇದೆ ಎಂದು ಊಹಿಸಿರಿ. ರೋಗ ಉಳ್ಳವರಲ್ಲಿಯೂ ಇಲ್ಲದವರಲ್ಲಿಯೂ ನೂರಕ್ಕೆ 98 ಸಲ ಸರಿಯಾಗಿ ಹೇಳುವ ಪರೀಕ್ಷೆ, ಆ 50ರಲ್ಲಿ 49 ಮಂದಿಯನ್ನು ಗುರುತಿಸುತ್ತದೆ. ಸಂತೋಷವೇ. ಆದರೆ ರೋಗವಿಲ್ಲದ 9,950 ಮಂದಿಯಲ್ಲಿ 199 ಮಂದಿಗೂ 'ಇದೆ' ಎಂದುಬಿಡುತ್ತದೆ. ಅಂದರೆ ಎದೆ ಒಡೆದು ಮನೆಗೆ ಮರಳುವ ಐವರಲ್ಲಿ ನಾಲ್ವರಿಗೆ ರೋಗವೇ ಇರುವುದಿಲ್ಲ. ತೋಟ ಅಡವಿಟ್ಟು ಸ್ಕ್ಯಾನಿಂಗಿಗೆ ಅಲೆಯುವವರು ಇವರೇ. ಇನ್ನು, ಮೊದಲೇ ಕಂಡುಹಿಡಿದ ಮಾತ್ರಕ್ಕೆ ಜೀವ ಉಳಿಯುತ್ತದೆಂದೂ ಹೇಳಲಾಗದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನದಲ್ಲಿ, ಅಂಡಾಶಯದ ಕ್ಯಾನ್ಸರಿಗಾಗಿ ಸಿ.ಎ. 125 ಎಂಬ ರಕ್ತಪರೀಕ್ಷೆಯನ್ನು (ಇದು ಮೆಟಬೊಲೈಟಲ್ಲ, ಪ್ರೋಟೀನು) ವರ್ಷವರ್ಷವೂ ಮಾಡಿ ನೋಡಲಾಯಿತು. 2021ರಲ್ಲಿ ಬಂದ ಅಂತಿಮ ಫಲಿತಾಂಶದಂತೆ, ಅದರಿಂದ ಸಾವಿನ ಸಂಖ್ಯೆ ಇಳಿಯಲಿಲ್ಲ.

'ನಮ್ಮ ಆಯುರ್ವೇದದಲ್ಲಿ ಇದೆಲ್ಲ ಮೊದಲೇ ಇತ್ತಲ್ಲವೇ' ಎಂದು ಕೆಲವರು ಹೆಮ್ಮೆಯಿಂದ ಕೇಳುತ್ತಾರೆ. ಸುಶ್ರುತರು ನಿದಾನಸ್ಥಾನದಲ್ಲಿ ಅರ್ಬುದವನ್ನು ವಿವರಿಸಿದ್ದಾರೆ. ವ್ಯಾಧಿಯು ವ್ಯಕ್ತವಾಗುವ ಮೊದಲೇ ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ ಎಂಬ ಹಂತಗಳನ್ನು ವೈದ್ಯನು ಅರಿಯಬೇಕೆಂದೂ ಹೇಳಿದ್ದಾರೆ. ತತ್ತ್ವ ದೊಡ್ಡದು. ಆದರೆ ನಾಡಿ ಹಿಡಿದು ಕ್ಯಾನ್ಸರನ್ನು ಮೊದಲೇ ಹೇಳುತ್ತೇವೆ ಎನ್ನುವವರನ್ನು ನಾವು ನಂಬುವುದಿಲ್ಲ. ಇದನ್ನು ಹೇಳಲು ನಮಗೊಂದು ಕಾರಣವಿದೆ. ವೃತ್ತಿಯ ಆರಂಭದ ದಿನಗಳಲ್ಲಿ, ಬಿಳಿಸೆರಗಿನ ತೊಂದರೆಯೆಂದು ಬಂದ ತಾಯಿಯೊಬ್ಬರಿಗೆ ಮೂರು ತಿಂಗಳು ಪುಷ್ಯಾನುಗ ಚೂರ್ಣವನ್ನು ಅಕ್ಕಿ ತೊಳೆದ ನೀರಿನಲ್ಲಿ ಕೊಟ್ಟೆವು. ಗರ್ಭಕೋಶದ ಕೊರಳನ್ನು ಪರೀಕ್ಷಿಸಲು ಕಳುಹಿಸಲಿಲ್ಲ. ಕಳುಹಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಅವರ ಮಗ ಇಂದಿಗೂ ದಾಸೋಹದ ಪಂಕ್ತಿಯಲ್ಲಿ ನಮ್ಮನ್ನು ಕಂಡರೆ ಎದ್ದು ನಮಸ್ಕರಿಸುತ್ತಾರೆ. ನಮಗೆ ತಲೆ ಎತ್ತಲಾಗುವುದಿಲ್ಲ.

ಜೀವ ಉಳಿಸಿದ್ದೆಂದು ನಮ್ಮ ದೇಶದಲ್ಲಿಯೇ ಸಾಬೀತಾದ ಪರೀಕ್ಷೆಗಳು ಬಹಳ ಸರಳವಾದವು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತೆಯರು ಗರ್ಭಕೋಶದ ಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲವನ್ನು, ಎಂದರೆ ವಿನೆಗರಿನಂಥ ಹುಳಿದ್ರಾವಣವನ್ನು, ಹಚ್ಚಿ ಬಿಳಿಚುವ ಭಾಗವನ್ನು ಬರಿಗಣ್ಣಿನಿಂದ ಗುರುತಿಸಿದರು. ಆ ಕ್ಯಾನ್ಸರಿನಿಂದಾಗುವ ಸಾವು ನೂರಕ್ಕೆ 31ರಷ್ಟು ಇಳಿಯಿತೆಂದು 2013ರಲ್ಲಿ ಪ್ರಕಟವಾಯಿತು. ತಿರುವನಂತಪುರದಲ್ಲಿ ಬಾಯಿಯನ್ನು ಬರಿಗಣ್ಣಿನಿಂದ ನೋಡುವ ತಪಾಸಣೆಯು, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವನ್ನು ಸುಮಾರು ಮೂರನೆಯ ಒಂದು ಭಾಗ ತಗ್ಗಿಸಿತು. ಮೂವತ್ತು ದಾಟಿದವರಿಗೆ ಬಾಯಿ, ಸ್ತನ ಹಾಗೂ ಗರ್ಭಕೋಶದ ಕೊರಳಿನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿಯೇ ಸೇರಿದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿರಿ. ಮುಂದಿನ ಪರೀಕ್ಷೆಗೆ ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ಬೆಂಗಳೂರಿನ ಕಿದ್ವಾಯಿ ಇದೆ. ತಾಂಬೂಲ ನಮ್ಮ ಮಂಗಳಕಾರ್ಯಗಳ ಗೌರವವೇನೋ ಸರಿ. ಆದರೆ ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಬಹಳ ಹಿಂದೆಯೇ ತೀರ್ಮಾನಿಸಿದೆ. ದಿನವಿಡೀ ಅದನ್ನು ಕೆನ್ನೆಯಲ್ಲಿ ಒತ್ತಿಕೊಂಡು ತೋಟದ ಕೆಲಸ ಮಾಡುವವರು ಎರಡು ವಾರಗಳಲ್ಲಿ ವಾಸಿಯಾಗದ ಹುಣ್ಣನ್ನಾಗಲೀ ಬಿಳಿ ಅಥವಾ ಕೆಂಪು ಮಚ್ಚೆಯನ್ನಾಗಲೀ ಒಡನೆಯೇ ವೈದ್ಯರಿಗೆ ತೋರಿಸತಕ್ಕದ್ದು.

ಶನಿವಾರಸಂತೆಯ ಆ ಭಕ್ತರಿಗೆ ಹುಣ್ಣಿನ ಅಂಚಿನಿಂದ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರೆಂದೇ ಖಚಿತವಾಯಿತು. ಕೊರಳಿನ ಗ್ರಂಥಿಗಳಿಗೆ ಇನ್ನೂ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದಿವೆ. ಕಳೆದ ಸೋಮವಾರ ಮಗಳೊಂದಿಗೆ ಬಂದಿದ್ದರು. ಬಾಯಿಯಲ್ಲಿ ಎರಡು ಬೆರಳು ಹಿಡಿಯುವಷ್ಟು ಎಡೆಯಾಗಿದೆ, ರಾಗಿ ಅಂಬಲಿ, ಮೆತ್ತಗಿನ ಅನ್ನ ಸೇರುತ್ತಿದೆ. ಮಗಳು ಆ ಹಳೆಯ ವರದಿಯನ್ನು ಮತ್ತೆ ತಂದಿದ್ದಳು, ಇದನ್ನು ಏನು ಮಾಡುವುದೆಂದು ಕೇಳಿದಳು. ಅದರಲ್ಲಿ ತಂದೆಯ ಸಕ್ಕರೆಯ ಅಂಕಿ ಸ್ವಲ್ಪ ಹೆಚ್ಚಿತ್ತು; ಅದನ್ನು ಗುರುತು ಹಾಕಿಕೊಟ್ಟು, ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿದೆವು.