ಬಿಡಾರ ಮತ್ತು ಕಚೇರಿ: ಮುಂಬಯಿಯ ಹೊರವಲಯದ ನಾಲ್ಕು ಪಟ್ಟಣಗಳು

ಮುಂಬಯಿಗೆ ಬಂದ ಕನ್ನಡಿಗನಿಗೆ ಉದ್ಯೋಗವು ಅನೇಕ ವೇಳೆ ತಾನಾಗಿ ಆರಿಸಿಕೊಂಡದ್ದಲ್ಲ. ವರ್ಗಾವಣೆಯ ಆಜ್ಞೆಯೋ, ಬಂಧುವಿನ ಹೋಟೆಲೋ, ಪರಿಚಿತರ ಶಿಫಾರಸೋ ಅದನ್ನು ನಿರ್ಣಯಿಸಿರುತ್ತದೆ. ಬಿಡಾರವಾದರೋ ಅವನ ಸ್ವಂತ ನಿರ್ಣಯ. ಥಾಣೆಯೋ, ಡೊಂಬಿವಲಿಯೋ, ಕಲ್ಯಾಣವೋ, ನವಿ ಮುಂಬಯಿಯೋ ಎಂಬ ಪ್ರಶ್ನೆ ಇಲ್ಲಿಯ ಕನ್ನಡ ಮನೆಗಳಲ್ಲಿ ಒಂದಲ್ಲ ಒಂದು ದಿನ ಚರ್ಚೆಗೆ ಬಂದೇ ಬರುತ್ತದೆ. ಆಗ ಸಾಮಾನ್ಯವಾಗಿ ಎರಡು ಲೆಕ್ಕಗಳನ್ನು ಹಾಕುವುದುಂಟು: ಮನೆಯ ಬೆಲೆ ಎಷ್ಟು, ಕಚೇರಿ ಎಷ್ಟು ದೂರ. ಮೂರನೆಯ ಲೆಕ್ಕವೊಂದಿದೆ, ಅದನ್ನು ಯಾರೂ ಬರೆದಿಡುವುದಿಲ್ಲ. ಬಿಡಾರದಿಂದ ಕನ್ನಡಕ್ಕೆ ಎಷ್ಟು ದೂರ ಎಂಬುದೇ ಆ ಲೆಕ್ಕ. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನಾಲ್ಕು ಪಟ್ಟಣಗಳ ಆಕರ್ಷಣೆಯನ್ನು ಪರಿಶೀಲಿಸುವುದು ಯುಕ್ತ.

ಮೊದಲು, ಜನರು ದ್ವೀಪನಗರವನ್ನು ಬಿಟ್ಟು ಹೊರಗೆ ಸರಿದುದೇಕೆ? 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಇದರಿಂದ ಒಳಗಿದ್ದವರಿಗೆ ರಕ್ಷಣೆ ದೊರೆಯಿತಾದರೂ, ಹೊಸದಾಗಿ ಬಂದವನಿಗೆ ಬಾಡಿಗೆಯ ಮನೆ ದುರ್ಲಭವಾಯಿತು. ದೊರೆತರೂ ದೊಡ್ಡ ಮೊತ್ತದ ಪಗಡಿಯನ್ನು ತೆರಬೇಕಾಯಿತು. ಅಂಥವನಿಗೆ ಎರಡೇ ದಾರಿಗಳು ಉಳಿದವು: ಚಾಳಿನ ಒಂದು ಕೋಣೆ, ಇಲ್ಲವೆ ರೈಲುದಾರಿಯ ದೂರದ ನಿಲ್ದಾಣದ ಬಳಿ ಸ್ವಂತದ್ದೊಂದು ಮನೆ. ಸಂಸಾರವನ್ನು ಊರಿನಿಂದ ಕರೆತರಬೇಕೆಂದವರು ಎರಡನೆಯದನ್ನು ಹಿಡಿದರು.

ಈ ಪಟ್ಟಣಗಳಲ್ಲಿ ಥಾಣೆಯೇ ಹಿರಿಯದು. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ 34 ಕಿಲೋಮೀಟರು ದೂರದ ಈ ಊರಿಗೇ ಬಂದಿತು. ಕನ್ನಡಿಗರಿಗೆ ಇದರೊಡನೆ ಇನ್ನೂ ಹಳೆಯ ನಂಟಿದೆ. ಉತ್ತರ ಕೊಂಕಣದ ಶಿಲಾಹಾರರ ಸ್ಥಾನಕವೆಂದರೆ ಇದೇ. 9ನೆಯ ಶತಮಾನದಲ್ಲಿ ಆ ಅರಸರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸಾಮಂತರಾಗಿದ್ದರೆಂಬುದಕ್ಕೆ ಕಾನ್ಹೇರಿಯ ಗುಹಾಶಾಸನಗಳು ಸಾಕ್ಷಿ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮವು ಸ್ಥಾಪಿತವಾದ ಮೇಲೆ ವಾಗಳೆ ಕೈಗಾರಿಕಾ ವಸಾಹತು ಬೆಳೆದು, ವಾಸ ಮತ್ತು ವೃತ್ತಿ ಎರಡೂ ಒಂದೇ ಊರಿನಲ್ಲಿ ಸಿಗುವಂತಾಯಿತು. ಕಾಲಕ್ರಮದಲ್ಲಿ ಅನೇಕ ಕಾರ್ಖಾನೆಗಳು ಮುಚ್ಚಿ, ಅವುಗಳ ನೆಲದಲ್ಲಿ ಎತ್ತರದ ವಸತಿಗಳು ಎದ್ದಿವೆ. ಥಾಣೆಯ ಆಕರ್ಷಣೆ ಸಾಮೀಪ್ಯದ್ದು. ಆ ಸಾಮೀಪ್ಯಕ್ಕೆ ಅದು ಸರಿಯಾದ ಬೆಲೆಯನ್ನೂ ಕೇಳುತ್ತದೆ.

ಡೊಂಬಿವಲಿಯ ರೀತಿ ಬೇರೆ. ಇದು ಗುಮಾಸ್ತರ, ಶಿಕ್ಷಕರ, ಬ್ಯಾಂಕು ನೌಕರರ ಊರು. 1964ರಲ್ಲಿ ಕೈಗಾರಿಕಾ ಪ್ರದೇಶವು ಆರಂಭವಾಯಿತಾದರೂ, ಇಲ್ಲಿಯ ಹೆಚ್ಚಿನ ಸಂಸಾರಗಳ ಅನ್ನ ಬರುವುದು ರೈಲಿನ ಇನ್ನೊಂದು ತುದಿಯಿಂದ. ಮಿತವಾದ ಸಂಬಳಕ್ಕೆ ಎಟಕುವ ಸ್ವಂತ ಮನೆ, ಓದುಬರಹದಲ್ಲಿ ಆಸಕ್ತರಾದ ನೆರೆಹೊರೆ, ಇವೇ ಇದರ ಬಲ. 90ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನವು 2017ರಲ್ಲಿ ಇಲ್ಲಿಯೇ ಜರುಗಿತು. ತಮ್ಮ ನುಡಿಯನ್ನು ಪ್ರೀತಿಸುವ ನೆರೆಯವರ ನಡುವೆ ಇಲ್ಲಿಯ ಕನ್ನಡಿಗರೂ ಸುಮ್ಮನಿರಲಿಲ್ಲ. ಡೊಂಬಿವಲಿ ಕರ್ನಾಟಕ ಸಂಘವು ನಡೆಸುವ ಮಂಜುನಾಥ ವಿದ್ಯಾಲಯವು ಇದಕ್ಕೆ ನಿದರ್ಶನ. ಆದರೆ ವಸತಿಯೂ ರಾಸಾಯನಿಕ ಕಾರ್ಖಾನೆಗಳೂ ಒತ್ತಾಗಿ ಬೆಳೆದುದರ ಅಪಾಯವನ್ನು 2016 ಮತ್ತು 2024ರ ಮೇ ತಿಂಗಳುಗಳ ಸ್ಫೋಟಗಳು ತೋರಿಸಿಕೊಟ್ಟಿವೆ.

ಕಲ್ಯಾಣವೆಂದೊಡನೆ ಕನ್ನಡಿಗರ ಮನಸ್ಸು ಚಾಳುಕ್ಯರ ಮತ್ತು ಬಸವಣ್ಣನವರ ಕಲ್ಯಾಣಕ್ಕೆ ಹೋಗುವುದು ಸಹಜ. ಅದು ಬೀದರ ಜಿಲ್ಲೆಯದು. ಇದು ಕೊಂಕಣದ ಪ್ರಾಚೀನ ಬಂದರು. 1854ರಲ್ಲಿ ರೈಲು ಇಲ್ಲಿಗೆ ಬಂದು, ಮುಂದೆ ಇದು ಎರಡು ಕವಲುಗಳ ಜಂಕ್ಷನ್ ಆಯಿತು: ಒಂದು ಕಸಾರಾದತ್ತ, ಇನ್ನೊಂದು ಕರ್ಜತದ ಮೂಲಕ ಪುಣೆಯತ್ತ. ಕಲ್ಯಾಣದ ಆಕರ್ಷಣೆ ಈ ಕವಲಿನಲ್ಲಿದೆ. ಕಲಬುರಗಿಗೆ ಹೋಗುವ ಉದ್ಯಾನ ಎಕ್ಸ್‌ಪ್ರೆಸ್ಸು ಇಲ್ಲಿ ನಿಲ್ಲುತ್ತದೆ. ಊರಿನ ಜಾತ್ರೆಗೆ, ಹೊಲದ ಕೆಲಸಕ್ಕೆ ವರ್ಷಕ್ಕೆ ನಾಲ್ಕು ಸಲ ಹೋಗಿಬರುವ ಉತ್ತರ ಕರ್ನಾಟಕದವನಿಗೆ ಇದು ಸಣ್ಣ ಅನುಕೂಲವಲ್ಲ. ಕರಾವಳಿಯವನ ಲೆಕ್ಕ ಇದಕ್ಕಿಂತ ಭಿನ್ನ. 1998ರಲ್ಲಿ ಕೊಂಕಣ ರೈಲ್ವೆಯು ಪೂರ್ಣವಾಗಿ ತೆರೆದಂದಿನಿಂದ ಮಂಗಳೂರಿನ ಗಾಡಿ ಥಾಣೆಯಲ್ಲಿಯೂ ಪನವೇಲದಲ್ಲಿಯೂ ನಿಲ್ಲುತ್ತದೆ. ಹೀಗೆ ಕಚೇರಿಯ ದಾರಿಯಷ್ಟೇ ಊರಿನ ದಾರಿಯೂ ಬಿಡಾರವನ್ನು ನಿರ್ಣಯಿಸುತ್ತದೆ.

ಮೇಲಿನ ಮೂರೂ ತಾವಾಗಿ ಬೆಳೆದ ಊರುಗಳು. ನವಿ ಮುಂಬಯಿಯಾದರೋ ಯೋಜಿತ ನಗರ. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ ಇವರು 1965ರಲ್ಲಿ ಮಂಡಿಸಿದ ಕಲ್ಪನೆಯನ್ನು ಕಾರ್ಯರೂಪಕ್ಕೆ ತರಲು 1970ರಲ್ಲಿ ಸಿಡ್ಕೋ ಸ್ಥಾಪಿತವಾಯಿತು. ಕಚೇರಿಗಳೇ ಖಾಡಿಯನ್ನು ದಾಟಿ ಬರಲಿ, ಮನೆಯ ಹತ್ತಿರವೇ ಕೆಲಸ ದೊರೆಯಲಿ ಎಂಬುದು ಯೋಜನೆಯ ತಿರುಳು. ಸಗಟು ಮಾರುಕಟ್ಟೆ ವಾಶಿಗೆ ಬಂದಿತು. ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಬೇಲಾಪುರದಲ್ಲಿ ನೆಲೆಸಿತು. ಐರೋಳಿ, ಮಹಾಪೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಚೇರಿಗಳು ಎದ್ದವು. ವಾಶಿಗೆ ರೈಲು ಬಂದದ್ದು 1992ರಲ್ಲಿ. ಥಾಣೆಯಿಂದ ನೇರ ರೈಲು 2004ರಲ್ಲಿ. ಅಗಲವಾದ ಬೀದಿಗಳೂ ಮೊರಬೆ ಅಣೆಕಟ್ಟಿನ ನೀರೂ ನಗರದ ಹೆಮ್ಮೆ. ಆದರೆ ಈ ನಗರಕ್ಕಾಗಿ 95 ಹಳ್ಳಿಗಳ ನೆಲ ಗೊತ್ತಾಯಿತೆಂಬುದನ್ನೂ, ನ್ಯಾಯವಾದ ಪರಿಹಾರಕ್ಕಾಗಿ ನಡೆದ 1984ರ ಚಳವಳಿಯಲ್ಲಿ ಐವರು ರೈತರು ಗುಂಡಿಗೆ ಬಲಿಯಾದರೆಂಬುದನ್ನೂ ಇಲ್ಲಿ ಸುಖವಾಗಿರುವವರು ಮರೆಯಬಾರದು.

ಇನ್ನು ಕಾಲದ ಲೆಕ್ಕ. ಡೊಂಬಿವಲಿಯಿಂದ ಕೋಟೆ ಪ್ರದೇಶದ ಕಚೇರಿಗೆ ಹೋಗುವವನಿಗೆ, ನಡೆಯುವುದು ಕಾಯುವುದು ಸೇರಿ, ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ವರ್ಷಕ್ಕೆ 280 ದಿನಗಳಂತೆ ಇದು 840 ಗಂಟೆಗಳು. 30 ವರ್ಷಗಳ ಸೇವೆಯಲ್ಲಿ 25,200 ಗಂಟೆಗಳು. ಎಂದರೆ 1,050 ಹಗಲು ಮತ್ತು ಅಷ್ಟೇ ರಾತ್ರಿಗಳು, ಹತ್ತಿರ ಹತ್ತಿರ ಮೂರು ವರ್ಷ, ಲೋಕಲ್ ಗಾಡಿಯ ಪಾಲು. ಅದೂ ನಿರ್ಭಯದ ಪ್ರಯಾಣವಲ್ಲ. 2025ರ ಜೂನ್ 9ರಂದು ದಿವಾ ಮತ್ತು ಮುಂಬ್ರಾ ನಿಲ್ದಾಣಗಳ ನಡುವೆ ಕಿಕ್ಕಿರಿದ ಗಾಡಿಗಳಿಂದ ಬಿದ್ದು ಹಲವರು ಪ್ರಾಣ ಕಳೆದುಕೊಂಡರು. ಮನೆಯ ಬೆಲೆಯಲ್ಲಿ ಉಳಿಸಿದುದನ್ನು ಆಯುಷ್ಯದಲ್ಲಿ ತೆರುವ ಈ ವ್ಯವಹಾರವು ಯಾವ ಸಾಲಪತ್ರದಲ್ಲಿಯೂ ಕಾಣಸಿಗುವುದಿಲ್ಲ.

ಕನ್ನಡದ ಲೆಕ್ಕ ಹುಟ್ಟುವುದು ಇಲ್ಲಿಯೇ. ಮೈಸೂರು ಅಸೋಸಿಯೇಶನ್ 1926ರಲ್ಲಿ, ಮುಂಬಯಿ ಕರ್ನಾಟಕ ಸಂಘ 1933ರಲ್ಲಿ ಸ್ಥಾಪಿತವಾದವು. ಇವೆರಡೂ ಇಂದು ಇರುವುದು ಮಾಟುಂಗಾದ ಆಸುಪಾಸಿನಲ್ಲಿ. ಸಂಸಾರಗಳಾದರೋ ದೂರದ ನಿಲ್ದಾಣಗಳಿಗೆ ಚದುರಿದವು. ರಾತ್ರಿ ಎಂಟೂವರೆಗೆ ಮನೆ ಸೇರುವ ತಂದೆಗೆ ಮಗನ ಕೈ ಹಿಡಿದು ಅಕ್ಷರ ತಿದ್ದಿಸುವ ತ್ರಾಣ ಉಳಿದಿರುವುದಿಲ್ಲ. ಭಾನುವಾರ ಮತ್ತೆ ಅದೇ ಗಾಡಿ ಹತ್ತಿ ಮಾಟುಂಗಾದ ಉಪನ್ಯಾಸಕ್ಕೆ ಹೋಗುವ ಉತ್ಸಾಹವೂ ಇರುವುದಿಲ್ಲ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತ, ಶಾಲೆಯಲ್ಲಿ ಇಂಗ್ಲಿಷನ್ನು, ಅಂಗಳದಲ್ಲಿ ಮರಾಠಿಯನ್ನು ಕಲಿಯುವ ಮಗುವು ಕನ್ನಡವನ್ನು ಬಲ್ಲುದು, ಓದಲಾರದು. ಕನ್ನಡ ಮಾಧ್ಯಮದ ಶಾಲೆಗಳ ಬೆಂಚುಗಳು ತೆರವಾಗಲು ಇಂಗ್ಲಿಷಿನ ಮೋಹವೊಂದೇ ಕಾರಣವಲ್ಲ. ಈ ದೂರವೂ ಒಂದು ಕಾರಣ.

ಸಂಸಾರಗಳು ಮತ್ತೆ ಮಾಟುಂಗಾಕ್ಕೆ ಹಿಂದಿರುಗಲಾರವು. ಆದುದರಿಂದ ಸಂಸ್ಥೆಗಳೇ ಅವುಗಳ ಬೆನ್ನು ಹತ್ತಿ ಹೋಗಬೇಕು. ಡೊಂಬಿವಲಿ, ಕಲ್ಯಾಣ, ವಾಶಿಗಳ ಸಂಘಗಳು ಈ ದಾರಿಯನ್ನು ಆಗಲೇ ಹಿಡಿದಿವೆ. ವಸತಿ ಸೊಸೈಟಿಯ ಸಭಾಗೃಹದಲ್ಲಿ ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಅಕ್ಷರವರ್ಗ, ನಿಲ್ದಾಣದಿಂದ ನಡೆದು ಹೋಗಬಹುದಾದಲ್ಲಿ ಒಂದು ಕಪಾಟು ಪುಸ್ತಕ, ಇಷ್ಟಕ್ಕೆ ದೊಡ್ಡ ನಿಧಿ ಬೇಕಿಲ್ಲ. ಮನೆ ಕೊಳ್ಳಲು ಹೊರಟವನು ಚದರಡಿಯ ಬೆಲೆಯನ್ನೂ ಗಾಡಿಯ ವೇಳಾಪಟ್ಟಿಯನ್ನೂ ವಿಚಾರಿಸಿಯೇ ವಿಚಾರಿಸುತ್ತಾನೆ. ಅದರೊಡನೆ, ಆ ಊರಿನಲ್ಲಿ ಮಗುವಿಗೆ ಕನ್ನಡದ ಅಕ್ಷರ ಕಲಿಸುವವರು ಯಾರಿದ್ದಾರೆಂಬುದನ್ನೂ ವಿಚಾರಿಸಿದರೆ ಲೆಕ್ಕವು ಪೂರ್ಣವಾದೀತು.